ಎರಡನೇ ಹಾರ್ಡ್ ಡಿಸ್ಕ್ ಹಾಕಿದರೆ ಲಿನಕ್ಸ್ ಬೂಟ್ ಆಗುತ್ತಿಲ್ಲ, ತೆಗೆದರೂ ಆಗುತ್ತಿಲ್ಲ

ಮಳೆಹನಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ಯಾರಾದರೂ ದಾರಿ ಹೇಳಿ.

ನನ್ನದು ಹಳೆಯ ಡೆಸ್ಕ್‌ಟಾಪ್. 240 ಜಿಬಿಯ ಎಸ್‌ಎಸ್‌ಡಿಯಲ್ಲಿ ಡೆಬಿಯನ್ ಲಿನಕ್ಸ್ ಇದೆ, ಎರಡು ವರ್ಷದಿಂದ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಜಾಗ ಸಾಲುತ್ತಿಲ್ಲ ಎಂದು ನಿನ್ನೆ 1 ಟಿಬಿಯ ಹಾರ್ಡ್ ಡಿಸ್ಕ್ ಸೇರಿಸಿದೆ. ಮೊದಲು ಅದನ್ನು ಯುಎಸ್‌ಬಿ ಡಬ್ಬಿಯಲ್ಲಿಟ್ಟು ಹಳೆಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿದೆ, ಒಂದೇ ದೊಡ್ಡ ಪಾರ್ಟಿಷನ್ ಮಾಡಿ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದೆ. ಬೂಟ್ ಆಗುವಾಗ ಯಾವ ಪಾರ್ಟಿಷನ್ ಯಾವ ಫೋಲ್ಡರ್‌ನಲ್ಲಿ ತೆರೆದುಕೊಳ್ಳಬೇಕು (ಮೌಂಟ್) ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದೆ: /ಡೆವ್/ಎಸ್‌ಡಿಬಿ1 (ಎರಡನೇ ಡಿಸ್ಕ್‌ನ ಮೊದಲ ಪಾರ್ಟಿಷನ್) ಅನ್ನು /ಡೇಟಾದಲ್ಲಿ ಮೌಂಟ್ ಮಾಡು, ಕೊನೆಯಲ್ಲಿ 0 0. ಚೆನ್ನಾಗಿ ಮೌಂಟ್ ಆಯಿತು. ಆಮೇಲೆ ಕಂಪ್ಯೂಟರ್ ಆರಿಸಿ, ಡಬ್ಬಿಯಿಂದ ತೆಗೆದು ಕ್ಯಾಬಿನೆಟ್ ಒಳಗೆ ಕೂರಿಸಿದೆ.

ಈಗ ಎರಡೂ ಡಿಸ್ಕ್ ಇದ್ದರೆ ಕಪ್ಪು ಪರದೆಯಲ್ಲಿ "ನೋ ಸಚ್ ಪಾರ್ಟಿಷನ್" ಎಂದು ಬಂದು, ಕೆಳಗೆ "ಗ್ರಬ್ ರೆಸ್ಕ್ಯೂ" ಎಂದು ನಿಲ್ಲುತ್ತದೆ (ಗ್ರಬ್ ಎಂದರೆ ಲಿನಕ್ಸನ್ನು ಶುರು ಮಾಡುವ ಬೂಟ್‌ಲೋಡರ್). ಸರಿ, ತೆಗೆದುಬಿಡೋಣ ಎಂದು ಹೊಸದರ ಕೇಬಲ್ ಕಿತ್ತರೆ ಗ್ರಬ್ ಮೆನು ಬರುತ್ತದೆ. ಆದರೆ "ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್" ಎಂದು ಒಂದೂವರೆ ನಿಮಿಷ ಕಾಯಿಸಿ ಎಮರ್ಜೆನ್ಸಿ ಮೋಡ್‌ಗೆ ಹೋಗುತ್ತದೆ. ಹಾಕಿದರೂ ಇಲ್ಲ, ತೆಗೆದರೂ ಇಲ್ಲ. ಎಸ್‌ಎಸ್‌ಡಿಯೇ ಹಾಳಾಯಿತಾ?

ಕರಿಪರದೆ

ಎಸ್‌ಎಸ್‌ಡಿ ಹಾಳಾಗಿಲ್ಲ, ಗಾಬರಿ ಬೇಡ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಬೂಟ್ ಆರ್ಡರ್, ಅಂದರೆ ಯಾವ ಡಿಸ್ಕ್ ಮೊದಲು ಎಂಬುದನ್ನು, ನೋಡಿದ್ರಾ?

ಟರ್ಮಿನಲ್‌ಪ್ರಿಯೆ

ರೆಸ್ಕ್ಯೂ ಪರದೆ ಬಂದರೆ ಅಲ್ಲಿಂದಲೇ ಬೂಟ್ ಮಾಡಬಹುದು. "ಎಲ್‌ಎಸ್" ಎಂದು ಹೊಡೆಯಿರಿ. ಎಚ್‌ಡಿ0, ಎಚ್‌ಡಿ1 ಹೀಗೆ ಡಿಸ್ಕ್‌ಗಳೂ ಅವುಗಳ ಪಾರ್ಟಿಷನ್‌ಗಳೂ ಕಾಣುತ್ತವೆ. ಒಂದೊಂದರ ಒಳಗೂ ಎಲ್‌ಎಸ್ ಮಾಡಿ ಬೂಟ್ ಫೋಲ್ಡರ್ ಎಲ್ಲಿದೆ ಹುಡುಕಿ. ಸಿಕ್ಕಿದ್ದು ಎಚ್‌ಡಿ1,ಎಂಎಸ್‌ಡಾಸ್1 ಅಂದುಕೊಳ್ಳಿ. ಸೆಟ್ ಕಮಾಂಡ್‌ನಲ್ಲಿ ರೂಟ್ ಅನ್ನು ಅದಕ್ಕೆ ತಿರುಗಿಸಿ, ಪ್ರಿಫಿಕ್ಸ್ ಅನ್ನು ಅದರ /ಬೂಟ್/ಗ್ರಬ್‌ಗೆ ತಿರುಗಿಸಿ. ಆಮೇಲೆ "ಇನ್ಸ್‌ಮಾಡ್ ನಾರ್ಮಲ್", ಕೊನೆಗೆ "ನಾರ್ಮಲ್". ಮೆನು ಬರುತ್ತದೆ.

ಎರಡುಪರದೆ

ಇಷ್ಟೆಲ್ಲ ಯಾಕೆ? ಎರಡೂ ಡಿಸ್ಕ್ ಇಟ್ಟುಕೊಂಡು ಡೆಬಿಯನ್ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿ. ಅರ್ಧ ಗಂಟೆಯ ಕೆಲಸ.

ಹಳೇಕೀಲಿಮಣೆ

ಇನ್‌ಸ್ಟಾಲ್ ಖಂಡಿತ ಬೇಡ. ಎಸ್‌ಎಸ್‌ಡಿಯಲ್ಲಿರುವ ಡೆಬಿಯನ್‌ಗೆ ಏನೂ ಆಗಿಲ್ಲ. ಇಲ್ಲಿರುವುದು ಒಂದು ತೊಂದರೆಯಲ್ಲ, ಎರಡು. ಒಂದಕ್ಕೊಂದು ಸಂಬಂಧವಿಲ್ಲ. ಒಂದೇ ದಿನ ಬಂದದ್ದರಿಂದ ಒಂದೇ ಅನಿಸುತ್ತಿದೆ ಅಷ್ಟೇ.

ಬೂಟ್ ಎಲ್ಲಿ ನಿಂತಿತು ಎಂಬುದನ್ನು ಮೊದಲು ನೋಡಬೇಕು. ಪರದೆಯೇ ಅದನ್ನು ಹೇಳುತ್ತದೆ. "ಗ್ರಬ್ ರೆಸ್ಕ್ಯೂ" ಎಂದರೆ ಇನ್ನೂ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಲೋಡೇ ಆಗಿಲ್ಲ. ಗ್ರಬ್‌ಗೆ ತನ್ನದೇ ಉಳಿದ ಭಾಗ ಸಿಗುತ್ತಿಲ್ಲ. ಆ ಹಂತದಲ್ಲಿ ಎಫ್‌ಎಸ್‌ಟ್ಯಾಬ್ ಯಾರೂ ಓದುವುದೇ ಇಲ್ಲ, ಹಾಗಾಗಿ ನೀವು ಬರೆದ ಸಾಲು ಇದಕ್ಕೆ ಕಾರಣ ಆಗಲಾರದು. "ಬ್ಯುಸಿಬಾಕ್ಸ್" ಮತ್ತು "ಇನಿಟ್‌ರ‍್ಯಾಮ್‌ಎಫ್‌ಎಸ್" ಎಂದು ನಿಂತಿದ್ದರೆ ಕರ್ನಲ್ ಬಂದಿದೆ, ರೂಟ್ ಪಾರ್ಟಿಷನ್ (ಡೆಬಿಯನ್ ಇರುವ ಮುಖ್ಯ ಪಾರ್ಟಿಷನ್) ಸಿಕ್ಕಿಲ್ಲ ಎಂದರ್ಥ. ಎಮರ್ಜೆನ್ಸಿ ಮೋಡ್ ಎಂದರೆ ಅದೂ ದಾಟಿ, ಉಳಿದದ್ದನ್ನೆಲ್ಲ ಶುರು ಮಾಡುವ ಸಿಸ್ಟಮ್‌ಡಿ ಓಡುತ್ತಿದೆ. ರೂಟ್ ಸಿಕ್ಕಿದೆ, ಬೇರೆ ಯಾವುದೋ ಮೌಂಟ್ ಆಗಿಲ್ಲ.

ನಿಮ್ಮ ಎರಡನೇ ತೊಂದರೆ ಈ ಕೊನೆಯ ಬಗೆಯದು. ಡಿಸ್ಕ್ ಕಿತ್ತಿದ್ದೀರಿ, ಆದರೆ ಎಫ್‌ಎಸ್‌ಟ್ಯಾಬ್ ಇನ್ನೂ ಎಸ್‌ಡಿಬಿ1 ಬೇಕು ಎನ್ನುತ್ತಿದೆ. ಸಿಸ್ಟಮ್‌ಡಿ ತನ್ನ ಲೆಕ್ಕದಂತೆ 90 ಸೆಕೆಂಡ್ ಕಾದು ಕೈಬಿಟ್ಟಿತು. ಮೊದಲನೆಯದಕ್ಕೆ ಕಾರಣ ಆ ಡಿಸ್ಕ್‌ನ ಹಿಂದಿನ ಜೀವನ ಇರಬೇಕು. ಅದು ಮೊದಲು ಎಲ್ಲಿತ್ತು?

ಮಳೆಹನಿ

ಟರ್ಮಿನಲ್‌ಪ್ರಿಯೆ ಅವರೇ, ನೀವು ಹೇಳಿದ ಹಾಗೇ ಮಾಡಿದೆ. ಎಚ್‌ಡಿ1,ಎಂಎಸ್‌ಡಾಸ್1ರಲ್ಲಿ ಬೂಟ್ ಸಿಕ್ಕಿತು. ಆದರೆ ಇನ್ಸ್‌ಮಾಡ್ ನಾರ್ಮಲ್ ಹೊಡೆದ ತಕ್ಷಣ "ಸಿಂಬಲ್ ಗ್ರಬ್_ಕ್ಯಾಲಾಕ್ ನಾಟ್ ಫೌಂಡ್" ಎಂದಿತು.

ಹಳೇಕೀಲಿಮಣೆ ಸರ್, ಅದು ನನ್ನ ಹಿಂದಿನ ಕಂಪ್ಯೂಟರ್‌ನ ಡಿಸ್ಕ್. ಅದರಲ್ಲಿ ಲಿನಕ್ಸೇ ಇತ್ತು, ಐದಾರು ಪಾರ್ಟಿಷನ್ ಇದ್ದವು. ಎಲ್ಲ ಅಳಿಸಿದ್ದೇನಲ್ಲ?

ಟರ್ಮಿನಲ್‌ಪ್ರಿಯೆ

ಹಾಗಾದರೆ ನನ್ನ ದಾರಿ ನಿಮಗೆ ಆಗುವುದಿಲ್ಲ, ಬಿಟ್ಟುಬಿಡಿ. ಕಾರಣ ಗೊತ್ತಾಯಿತು. ಗ್ರಬ್_ಕ್ಯಾಲಾಕ್ ಎಂಬುದು 2020ರಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷ ಸರಿಪಡಿಸಿದಾಗ ಗ್ರಬ್‌ಗೆ ಸೇರಿದ್ದು. ಈಗ ಓಡುತ್ತಿರುವುದು ಅದಕ್ಕಿಂತ ಹಳೆಯ ಗ್ರಬ್. ಅದು ಎಸ್‌ಎಸ್‌ಡಿಯಲ್ಲಿರುವ ಹೊಸ ಮಾಡ್ಯೂಲ್ ಲೋಡ್ ಮಾಡಲು ಹೋಗಿ ಸೋತಿದೆ. ಅಂದರೆ ಪರದೆಯಲ್ಲಿ ಕಾಣುತ್ತಿರುವುದು ಎಸ್‌ಎಸ್‌ಡಿಯ ಗ್ರಬ್ಬೇ ಅಲ್ಲ!

ಹಳೇಕೀಲಿಮಣೆ

ಅದೇ. ಸಾಕ್ಷಿ ಸಿಕ್ಕಿತು.

ಪಾರ್ಟಿಷನ್ ಅಳಿಸಿದರೆ ಬೂಟ್‌ಲೋಡರ್ ಹೋಗುವುದಿಲ್ಲ. ಹಳೆಯ ಬಯೋಸ್ ಪದ್ಧತಿಯಲ್ಲಿ ಡಿಸ್ಕ್‌ನ ಮೊದಲ 512 ಬೈಟ್‌ಗೆ ಎಂಬಿಆರ್ ಎನ್ನುತ್ತಾರೆ. ಅದರಲ್ಲಿ ಮೊದಲ 446 ಬೈಟ್ ಬೂಟ್ ಕೋಡ್, ಮುಂದಿನ 64 ಬೈಟ್ ಪಾರ್ಟಿಷನ್ ಪಟ್ಟಿ, ಕೊನೆಯ 2 ಬೈಟ್ ಗುರುತು. ನೀವು ಪಾರ್ಟಿಷನ್ ಅಳಿಸಿ ಹೊಸದು ಮಾಡಿದಾಗ ಬದಲಾದದ್ದು ನಡುವಿನ 64 ಬೈಟ್ ಮಾತ್ರ. ಬೂಟ್ ಕೋಡ್ ಹಾಗೇ ಉಳಿಯಿತು. ಗ್ರಬ್‌ನ ಮುಂದಿನ ತುಂಡು ಎಂಬಿಆರ್‌ಗೂ ಮೊದಲ ಪಾರ್ಟಿಷನ್‌ಗೂ ನಡುವಿನ ಖಾಲಿ ಜಾಗದಲ್ಲಿರುತ್ತದೆ. ಅದನ್ನೂ ಫಾರ್ಮ್ಯಾಟ್ ಮುಟ್ಟುವುದಿಲ್ಲ, ಫಾರ್ಮ್ಯಾಟ್ ಆಗುವುದು ಪಾರ್ಟಿಷನ್ ಒಳಗೆ ಮಾತ್ರ ಅಲ್ವಾ. ಆ ತುಂಡಿಗೆ "ನನ್ನ ಫೈಲುಗಳು ಐದನೇ ಪಾರ್ಟಿಷನ್‌ನಲ್ಲಿವೆ" ಎಂಬಂಥ ನೆನಪು ಉಳಿದಿದೆ. ಈಗ ಅಲ್ಲಿ ಒಂದೇ ಪಾರ್ಟಿಷನ್. ಹಾಗಾಗಿ "ನೋ ಸಚ್ ಪಾರ್ಟಿಷನ್".

ಕರಿಪರದೆ ಮೊದಲ ಸಾಲಿನಲ್ಲೇ ಸರಿಯಾಗಿ ಕೇಳಿದ್ದರು. ಬಯೋಸ್ ಈಗ ಹೊಸ ಡಿಸ್ಕನ್ನೇ ಮೊದಲು ನೋಡುತ್ತಿದೆ.

ಎರಡುಪರದೆ

ಆದರೆ ನಾನು ಎಷ್ಟೋ ಸಲ ಹಳೆಯ ಡಿಸ್ಕ್ ಸೇರಿಸಿದ್ದೇನೆ, ಹೀಗಾಗಿಲ್ಲ. ಬಯೋಸ್ ತಾನಾಗಿ ಆರ್ಡರ್ ಯಾಕೆ ಬದಲಿಸುತ್ತದೆ?

ಕರಿಪರದೆ

ಕೆಲವು ಬಯೋಸ್‌ಗಳು ಹೊಸ ಡಿಸ್ಕ್ ಕಂಡರೆ ಪಟ್ಟಿಯ ಮೇಲಕ್ಕೆ ಹಾಕುತ್ತವೆ. ಕೆಲವು ಪೋರ್ಟ್ ಸಂಖ್ಯೆ ನೋಡುತ್ತವೆ. ನಿಮ್ಮ ಬೋರ್ಡ್‌ನಲ್ಲಿ ಆಗಿಲ್ಲ ಅಂದರೆ ಇವರದರಲ್ಲೂ ಆಗಬಾರದು ಎಂದಿಲ್ಲ. ಮಳೆಹನಿ, ಎಸ್‌ಎಸ್‌ಡಿ ಮೊದಲಿದ್ದ ಪೋರ್ಟ್‌ನಲ್ಲೇ ಇದೆಯಾ?

ಮಳೆಹನಿ

ಇಲ್ಲ. ಕೇಬಲ್ ಅಡ್ಡ ಬರುತ್ತಿತ್ತು ಎಂದು ಎಸ್‌ಎಸ್‌ಡಿಯನ್ನು ಪಕ್ಕದ ಪೋರ್ಟ್‌ಗೆ ಹಾಕಿ, ಹೊಸದನ್ನು ಮೊದಲ ಪೋರ್ಟ್‌ಗೆ ಹಾಕಿದೆ. ಇದು ಮುಖ್ಯ ಅಂತ ಗೊತ್ತೇ ಇರಲಿಲ್ಲ. ಈಗ ಬಯೋಸ್ ನೋಡುತ್ತೇನೆ.

ತಂತಿಬಾಲ

ಅಲ್ಲೇ "ಬೂಟ್ ಆರ್ಡರ್" ಬೇರೆ, "ಹಾರ್ಡ್ ಡಿಸ್ಕ್ ಪ್ರಯಾರಿಟಿ" ಬೇರೆ ಇರಬಹುದು, ಎರಡನ್ನೂ ನೋಡಿ. ಹಳೆಯ ಬೋರ್ಡ್‌ಗಳಲ್ಲಿ ಮೊದಲ ಪಟ್ಟಿಯಲ್ಲಿ ಸುಮ್ನೆ "ಹಾರ್ಡ್ ಡಿಸ್ಕ್" ಎಂದಷ್ಟೇ ಇರುತ್ತದೆ. ಯಾವ ಹಾರ್ಡ್ ಡಿಸ್ಕ್ ಎಂಬುದು ಇನ್ನೊಂದು ಪುಟದಲ್ಲಿ.

ಮಳೆಹನಿ

ಬಂತು!! ಎರಡನೇ ಪುಟದಲ್ಲೇ ಇತ್ತು. ಎಸ್‌ಎಸ್‌ಡಿ ಮೇಲಕ್ಕೆ ಹಾಕಿದೆ, ಮೆನು ಬಂತು, ಎರಡೂ ಡಿಸ್ಕ್ ಇದ್ದೇ ಡೆಸ್ಕ್‌ಟಾಪ್‌ವರೆಗೂ ಬಂತು. ತುಂಬಾ ಧನ್ಯವಾದ.

ಒಂದೇ ವಿಚಿತ್ರ. ಖಾಲಿ ಇರಬೇಕಾದ /ಡೇಟಾ ಒಳಗೆ ಇಟಿಸಿ, ಯುಎಸ್‌ಆರ್, ಹೋಮ್ ಎಲ್ಲ ಕಾಣುತ್ತಿವೆ. ಹಳೆಯ ಲಿನಕ್ಸ್‌ನ ಫೈಲುಗಳು ಅಳಿಯದೆ ಉಳಿದಿವೆ ಅನಿಸುತ್ತದೆ. ಅಳಿಸಿಬಿಡಲಾ?

ಕರಿಪರದೆ

ನಿಲ್ಲಿ. ಏನನ್ನೂ ಅಳಿಸಬೇಡಿ. ಅದು ನಿಮ್ಮ ಈಗಿನ ಡೆಬಿಯನ್.

ಹಳೇಕೀಲಿಮಣೆ

ದಯವಿಟ್ಟು ಕರಿಪರದೆ ಹೇಳಿದ್ದನ್ನು ಕೇಳಿ. ಟರ್ಮಿನಲ್ ತೆರೆದು "ಎಲ್‌ಎಸ್‌ಬಿಎಲ್‌ಕೆ" ಹೊಡೆಯಿರಿ, ಯಾವುದು ಯಾವ ಡಿಸ್ಕ್ ಎಂದು ಗಾತ್ರ ನೋಡಿ ತಿಳಿದುಕೊಳ್ಳಿ.

ಯುಎಸ್‌ಬಿಯಲ್ಲಿ ಇದ್ದಾಗ ಎಸ್‌ಎಸ್‌ಡಿ ಎಸ್‌ಡಿಎ ಆಗಿತ್ತು, ಹೊಸದು ಎಸ್‌ಡಿಬಿ. ಈಗ ಹೊಸದು ಮೊದಲ ಪೋರ್ಟ್‌ನಲ್ಲಿದೆ, ಕರ್ನಲ್ ಅದಕ್ಕೆ ಎಸ್‌ಡಿಎ ಎಂದು ಹೆಸರಿಟ್ಟಿದೆ. ಎಸ್‌ಎಸ್‌ಡಿ ಎಸ್‌ಡಿಬಿ ಆಯಿತು. ನಿಮ್ಮ ಸಾಲು "ಎಸ್‌ಡಿಬಿ1 ಅನ್ನು /ಡೇಟಾದಲ್ಲಿ ಮೌಂಟ್ ಮಾಡು" ಎನ್ನುತ್ತದೆ. ಅಂದರೆ ರೂಟ್ ಪಾರ್ಟಿಷನ್ನೇ ಎರಡನೇ ಸಲ /ಡೇಟಾದಲ್ಲಿ ಮೌಂಟ್ ಆಗಿದೆ. ಲಿನಕ್ಸ್ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಎರಡು ಕಡೆ ಒಂದೇ ಫೈಲ್ ಸಿಸ್ಟಮ್ ಕಾಣಿಸುತ್ತದೆ. /ಡೇಟಾ ಒಳಗಿನ ಇಟಿಸಿ ಅಳಿಸಿದ್ದರೆ ನಿಜವಾದ ಇಟಿಸಿಯೇ ಹೋಗುತ್ತಿತ್ತು.

ಡೆಬಿಯನ್ ಮಾತ್ರ ಸರಿಯಾಗಿ ಬಂದದ್ದು ಯಾಕೆ? ರೂಟ್‌ನ ಸಾಲನ್ನು ಇನ್‌ಸ್ಟಾಲರ್ ಯುಯುಐಡಿ (ಪಾರ್ಟಿಷನ್‌ನ ಫೈಲ್ ಸಿಸ್ಟಮ್‌ಗೆ ಇರುವ ಉದ್ದನೆಯ ಗುರುತು, ಪೋರ್ಟ್ ಬದಲಾದರೂ ಇದು ಬದಲಾಗದು) ಹಾಕಿ ಬರೆದಿದೆ. ಕೈಯಲ್ಲಿ ಬರೆದ ಸಾಲಿಗೆ ಮಾತ್ರ ಈ ಅಪಾಯ.

ನಾಲ್ಕನೇಮಹಡಿ

ಇದನ್ನು ಓದಿ ಮೈ ಜುಮ್ಮೆಂದಿತು. ನನಗೆ ಇದೇ ಆಗಿತ್ತು, ಆದರೆ ನಾನು /ಡೇಟಾ ಒಳಗೆ ನೋಡಲೇ ಇಲ್ಲ. ಪ್ರತಿ ರಾತ್ರಿ ಆರ್‌ಸಿಂಕ್ ನನ್ನ ಹೋಮ್ ಫೋಲ್ಡರನ್ನು ಎರಡನೇ ಡಿಸ್ಕ್‌ಗೆ ಪ್ರತಿ ಮಾಡುತ್ತಿದೆ ಎಂದು ನೆಮ್ಮದಿಯಾಗಿದ್ದೆ. ತಿಂಗಳುಗಟ್ಟಲೆ ಎರಡು ಪ್ರತಿಗಳೂ ಒಂದೇ ಎಸ್‌ಎಸ್‌ಡಿಯಲ್ಲಿ ಕೂತಿದ್ದವು. ಅದು ಕೆಟ್ಟ ದಿನ ಎರಡೂ ಒಟ್ಟಿಗೆ ಹೋದವು. ಮಕ್ಕಳ ಚಿಕ್ಕಂದಿನ ಫೋಟೋಗಳು ಮತ್ತೆ ಸಿಗಲೇ ಇಲ್ಲ. ಮಳೆಹನಿ, ನೀವು ಒಳಗೆ ನೋಡಿ ಕೇಳಿದ್ದು ಬಹಳ ಒಳ್ಳೆಯದಾಯಿತು.

ಮಳೆಹನಿ

ಕೈ ನಡುಗುತ್ತಿದೆ. ಎಲ್‌ಎಸ್‌ಬಿಎಲ್‌ಕೆಯಲ್ಲಿ ನೀವು ಹೇಳಿದ ಹಾಗೇ ಇದೆ, 1 ಟಿಬಿಯದು ಎಸ್‌ಡಿಎ, ಎಸ್‌ಎಸ್‌ಡಿ ಎಸ್‌ಡಿಬಿ. ನಾಲ್ಕನೇಮಹಡಿ ಅವರೇ, ನಿಮ್ಮ ಫೋಟೋಗಳ ವಿಷಯ ಕೇಳಿ ಬೇಜಾರಾಯಿತು. ನಾನೂ ರಾತ್ರಿ ಬ್ಯಾಕಪ್ ಇಡಬೇಕು ಎಂದೇ ಈ ಡಿಸ್ಕ್ ಹಾಕಿದ್ದು. ಈಗ ಕೇಬಲ್ ಅದಲು ಬದಲು ಮಾಡಿದರೆ ಸಾಕಾ?

ಹಳೇಕೀಲಿಮಣೆ

ಸಾಲದು. ಪೋರ್ಟ್ ಸರಿ ಮಾಡಿದರೂ ಎಸ್‌ಡಿಎ, ಎಸ್‌ಡಿಬಿ ಹೆಸರು ಖಾಯಂ ಅಲ್ಲ. ಕರ್ನಲ್ ಡಿಸ್ಕ್‌ಗಳನ್ನು ಒಟ್ಟೊಟ್ಟಿಗೆ ಹುಡುಕುತ್ತದೆ, ಯಾವುದು ಮೊದಲು ಉತ್ತರಿಸುತ್ತದೋ ಅದಕ್ಕೆ ಮೊದಲ ಹೆಸರು ಸಿಗಬಹುದು. ಏನನ್ನೂ ಮುಟ್ಟದೆ ರೀಬೂಟ್ ಮಾಡಿದರೂ ಬದಲಾಗುವುದುಂಟು.

ಹೀಗೆ ಮಾಡಿ. ಮೊದಲು /ಡೇಟಾ ಅನ್‌ಮೌಂಟ್ ಮಾಡಿ. "ಬಿಎಲ್‌ಕೆಐಡಿ" ಹೊಡೆದು 1 ಟಿಬಿ ಪಾರ್ಟಿಷನ್‌ನ ಯುಯುಐಡಿ ತೆಗೆದುಕೊಳ್ಳಿ. ಎಫ್‌ಎಸ್‌ಟ್ಯಾಬ್‌ನಲ್ಲಿ /ಡೆವ್/ಎಸ್‌ಡಿಬಿ1 ಇದ್ದ ಜಾಗದಲ್ಲಿ ಯುಯುಐಡಿ= ಎಂದು ಅದನ್ನು ಅಂಟಿಸಿ. ಕೈಯಲ್ಲಿ ಟೈಪ್ ಮಾಡಬೇಡಿ, ಒಂದು ಅಕ್ಷರ ತಪ್ಪಿದರೂ ಮತ್ತೆ ಎಮರ್ಜೆನ್ಸಿ ಮೋಡ್. ಅದೇ ಸಾಲಿನ ಡೀಫಾಲ್ಟ್ಸ್ ಎಂಬ ಆಯ್ಕೆಯ ಪಕ್ಕದಲ್ಲಿ ಅಲ್ಪವಿರಾಮ ಹಾಕಿ "ನೋಫೇಲ್" (ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲಿಸಬೇಡ) ಸೇರಿಸಿ. ಆಮೇಲೆ "ಫೈಂಡ್‌ಎಂಎನ್‌ಟಿ --ವೆರಿಫೈ" ಹೊಡೆದರೆ ಸಾಲಿನ ತಪ್ಪು ಬೂಟ್‌ಗೆ ಮೊದಲೇ ಗೊತ್ತಾಗುತ್ತದೆ. "ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್", "ಮೌಂಟ್ -ಎ" ಮಾಡಿ /ಡೇಟಾ ನೋಡಿ. ಲಾಸ್ಟ್+ಫೌಂಡ್ ಒಂದೇ ಇದ್ದರೆ ಸರಿ.

ಟರ್ಮಿನಲ್‌ಪ್ರಿಯೆ

ನೋಫೇಲ್ ಜೊತೆ ಡಿವೈಸ್-ಟೈಮ್‌ಔಟ್ 10 ಸೆಕೆಂಡ್ ಕೂಡ ಹಾಕಿ, ಇಲ್ಲದಿದ್ದರೆ ಡಿಸ್ಕ್ ಇಲ್ಲದಾಗ ಮತ್ತೆ 90 ಸೆಕೆಂಡ್ ಕಾಯಬೇಕು.

ಕರಿಪರದೆ

ಹಾಕಿದರೆ ತಪ್ಪಿಲ್ಲ, ಆದರೆ ಕಾರಣ ಅದಲ್ಲ. ನೋಫೇಲ್ ಇದ್ದರೆ ಸಿಸ್ಟಮ್‌ಡಿ ಆ ಮೌಂಟ್‌ಗಾಗಿ ಬೂಟ್ ನಿಲ್ಲಿಸುವುದೇ ಇಲ್ಲ, ಹಿನ್ನೆಲೆಯಲ್ಲಿ ಕಾಯುತ್ತದೆ ಅಷ್ಟೇ.

ಎರಡುಪರದೆ

ಯುಯುಐಡಿ ಅಷ್ಟುದ್ದ ಇರುತ್ತದೆ, ಓದಿದರೆ ಯಾವ ಡಿಸ್ಕ್ ಎಂದು ಯಾರಿಗೆ ಗೊತ್ತಾಗುತ್ತದೆ? ಇ2ಲೇಬಲ್ ಬಳಸಿ "ಡೇಟಾ" ಎಂದು ಲೇಬಲ್ ಕೊಟ್ಟರೆ ಎಫ್‌ಎಸ್‌ಟ್ಯಾಬ್ ಓದಲು ಚೆನ್ನಾಗಿರುತ್ತದೆ. ನಾನು ಎಲ್ಲ ಕಡೆ ಲೇಬಲ್ಲೇ ಹಾಕುವುದು.

ಹಳೇಕೀಲಿಮಣೆ

ಒಂದೇ ಕಂಪ್ಯೂಟರ್‌ಗೆ ಲೇಬಲ್ ಸರಿಯೇ. ನನ್ನ ಅಳುಕು ಏನೆಂದರೆ ಎಲ್ಲರೂ ಇಡುವುದು "ಡೇಟಾ", "ಬ್ಯಾಕಪ್" ಎಂಬ ಎರಡೇ ಹೆಸರು. ಇನ್ನೊಂದು ಕಂಪ್ಯೂಟರ್‌ನ ಡಿಸ್ಕ್ ತಂದು ಸೇರಿಸಿದ ದಿನ ಎರಡು "ಡೇಟಾ" ಆಗುತ್ತವೆ. ಲೇಬಲ್ ಇಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಯುಯುಐಡಿ ಬರೆಯಿರಿ, ಮೇಲಿನ ಸಾಲಿನಲ್ಲಿ ಟಿಪ್ಪಣಿ ಹಾಕಿ. ಓದಲೂ ಆಯಿತು.

ತಂತಿಬಾಲ

ಯುಯುಐಡಿ ಕೂಡ ಎರಡಾಗುತ್ತದೆ ಸರ್. ಡಿಡಿ ಕಮಾಂಡ್ ಬಳಸಿ ಎಸ್‌ಎಸ್‌ಡಿಯನ್ನು ಹೊಸ ಡಿಸ್ಕ್‌ಗೆ ಪೂರ್ತಿ ಕ್ಲೋನ್ ಮಾಡಿ ಎರಡನ್ನೂ ಒಳಗೇ ಬಿಟ್ಟಿದ್ದೆ. ಒಂದು ದಿನ ಬರೆದ ಫೈಲ್ ಮರುದಿನ ಇರುವುದಿಲ್ಲ, ಮತ್ತೆ ಒಂದು ದಿನ ಇರುತ್ತದೆ! ಒಂದೊಂದು ಸಲ ಒಂದೊಂದು ಡಿಸ್ಕ್‌ನಿಂದ ಬೂಟ್ ಆಗುತ್ತಿತ್ತು. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಕ್ಲೋನ್ ಡಿಸ್ಕ್‌ಗೆ "ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್" ಕೊಟ್ಟು ಹೊಸ ಯುಯುಐಡಿ ಇಟ್ಟ ಮೇಲೆ ಸರಿಹೋಯಿತು. ಎಕ್ಸ್‌ಟಿ4 ಬದಲು ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಆದರೆ ಒಂದೇ ಯುಯುಐಡಿಯ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದೇ ಇಲ್ಲ. ಬಿಟಿಆರ್‌ಎಫ್‌ಎಸ್ ಇದ್ದರೆ ಮೂಲವನ್ನೂ ಕ್ಲೋನನ್ನೂ ಒಟ್ಟಿಗೆ ಹಾಕಲೇಬೇಡಿ, ಡೇಟಾ ಕೆಡಬಹುದು.

ಕಾಗೆಗೂಡು

ಹಿಂದೆ ಐಡಿಇ (ಸಾಟಾಕ್ಕೆ ಮೊದಲಿನ ಡಿಸ್ಕ್ ಕೇಬಲ್ ಪದ್ಧತಿ) ಕಾಲದಲ್ಲಿ ಈ ಗೊಂದಲವೇ ಇರಲಿಲ್ಲ. ಮೊದಲ ಕೇಬಲ್‌ನ ಮಾಸ್ಟರ್ ಎಂದರೆ ಎಚ್‌ಡಿಎ, ಸ್ಲೇವ್ ಎಂದರೆ ಎಚ್‌ಡಿಬಿ, ಎರಡನೇ ಕೇಬಲ್‌ನದು ಎಚ್‌ಡಿಸಿ. ಹೆಸರು ನೋಡಿದರೆ ಡಿಸ್ಕ್ ಎಲ್ಲಿದೆ ಎಂದು ಕೈ ತೋರಿಸಬಹುದಿತ್ತು.

ಹಳೇಕೀಲಿಮಣೆ

ಹೆಸರು ಗಟ್ಟಿ ಇತ್ತು ನಿಜ, ಆದರೆ ಎರಡೂ ಡಿಸ್ಕ್‌ನ ಜಂಪರ್ ಮಾಸ್ಟರ್‌ನಲ್ಲೇ ಬಿಟ್ಟು ಎರಡೂ ಕಾಣಿಸದೆ ಪರದಾಡಿದ್ದು ಮರೆತಿರಾ? ಕರ್ನಲ್ 2007ರ ಆಸುಪಾಸಿನಲ್ಲಿ ಐಡಿಇಗೂ ಲಿಬ್ಎಟಿಎ ಎಂಬ ಡ್ರೈವರ್ ಬಳಸತೊಡಗಿದಾಗ ಎಚ್‌ಡಿಎ ಎಲ್ಲ ಎಸ್‌ಡಿಎ ಆದವು. ಅಪ್‌ಗ್ರೇಡ್ ಮಾಡಿದವರ ಎಫ್‌ಎಸ್‌ಟ್ಯಾಬ್ ಆಗಲೂ ಹೀಗೇ ಮುರಿಯಿತು. ಡಿಸ್ಟ್ರೋಗಳು ಯುಯುಐಡಿ, ಲೇಬಲ್ ಕಡೆ ತಿರುಗಿದ್ದಕ್ಕೆ ಅದೂ ಒಂದು ಕಾರಣ.

ನೀಲಿಪೆನ್

ನನ್ನದು ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಮೆಷಿನ್. ಎಂ.2 ಡಿಸ್ಕ್ ಸೇರಿಸಿದ ಮೇಲೆ ಹಳೆಯ ಸಾಟಾ ಎಸ್‌ಎಸ್‌ಡಿ ಬಯೋಸ್‌ನಲ್ಲೇ ಕಾಣುತ್ತಿಲ್ಲ. ಇದೇ ತೊಂದರೆಯಾ? ಗ್ರಬ್ ಮತ್ತೆ ಹಾಕಬೇಕಾ?

ತಂತಿಬಾಲ

ಬಯೋಸ್‌ಗೇ ಕಾಣುತ್ತಿಲ್ಲ ಎಂದರೆ ಗ್ರಬ್ ಮಾತೇ ಬೇಡ. ಮದರ್‌ಬೋರ್ಡ್ ಕೈಪಿಡಿ ತೆಗೆಯಿರಿ. ಎಷ್ಟೋ ಬೋರ್ಡ್‌ಗಳಲ್ಲಿ ಎಂ.2 ಜಾಗಕ್ಕೂ ಒಂದೆರಡು ಸಾಟಾ ಪೋರ್ಟ್‌ಗೂ ಒಂದೇ ಲೇನ್ (ಡೇಟಾ ಹೋಗುವ ದಾರಿ) ಇರುತ್ತದೆ. ಎಂ.2 ತುಂಬಿದರೆ ಆ ಪೋರ್ಟ್ ಸತ್ತ ಹಾಗೆ. ಎಸ್‌ಎಸ್‌ಡಿಯನ್ನು ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ನೀಲಿಪೆನ್

ಬೇರೆ ಪೋರ್ಟ್‌ಗೆ ಹಾಕಿದೆ, ಡಿಸ್ಕ್ ಕಂಡಿತು. ಆದರೆ ಬೂಟ್ ಪಟ್ಟಿಯಲ್ಲಿ ಡಿಸ್ಟ್ರೋ ಹೆಸರು ಮಾಯ.

ಟರ್ಮಿನಲ್‌ಪ್ರಿಯೆ

ಯುಇಎಫ್‌ಐಯಲ್ಲಿ ಎಂಬಿಆರ್ ಕತೆ ಇಲ್ಲ. ಬೂಟ್ ಪಟ್ಟಿ ಬೋರ್ಡ್‌ನದೇ ಮೆಮೊರಿಯಾದ ಎನ್‌ವಿರ‍್ಯಾಮ್‌ನಲ್ಲಿರುತ್ತದೆ. ಡಿಸ್ಕ್ ಒಂದು ಸಲ ಕಾಣದಿದ್ದರೆ ಕೆಲವು ಫರ್ಮ್‌ವೇರ್ ಆ ನಮೂದನ್ನೇ ತೆಗೆದುಹಾಕುತ್ತದೆ. ಡಿಸ್ಕ್‌ನ ಇಎಸ್‌ಪಿ ಎಂಬ ಬೂಟ್ ಪಾರ್ಟಿಷನ್‌ನಲ್ಲಿ ಬೂಟ್‌ಲೋಡರ್ ಫೈಲು ಹಾಗೇ ಇರುತ್ತದೆ. ಲೈವ್ ಯುಎಸ್‌ಬಿಯನ್ನು ಯುಇಎಫ್‌ಐ ಮೋಡ್‌ನಲ್ಲೇ ಬೂಟ್ ಮಾಡಿ "ಇಎಫ್‌ಐಬೂಟ್‌ಎಂಜಿಆರ್" ಬಳಸಿ ನಮೂದು ಮತ್ತೆ ಸೇರಿಸಬಹುದು. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನು ಅಲ್ಲಿಗೆ ಬರುತ್ತೇನೆ. ಇಲ್ಲಿ ಮಳೆಹನಿಯವರದು ಇನ್ನೂ ಮುಗಿದಿಲ್ಲ.

ಮಳೆಹನಿ

ಯುಯುಐಡಿ ಹಾಕಿದೆ, ನೋಫೇಲ್ ಹಾಕಿದೆ. /ಡೇಟಾದಲ್ಲಿ ಲಾಸ್ಟ್+ಫೌಂಡ್ ಒಂದೇ ಇದೆ! ಎರಡು ಸಲ ರೀಬೂಟ್ ಮಾಡಿದೆ. ಹೊಸದನ್ನು ಕಿತ್ತೂ ಒಂದು ಸಲ ನೋಡಿದೆ, ಕಾಯದೆ ನೇರ ಡೆಸ್ಕ್‌ಟಾಪ್‌ಗೆ ಬಂತು. ಆ ಹಳೆಯ ಗ್ರಬ್ ಇನ್ನೂ ಡಿಸ್ಕ್‌ನಲ್ಲಿದೆಯಲ್ಲ, ಅದನ್ನು ತೆಗೆಯಬೇಕಾ?

ಎರಡುಪರದೆ

ಎರಡೂ ಡಿಸ್ಕ್‌ಗೆ ಗ್ರಬ್-ಇನ್‌ಸ್ಟಾಲ್ ಮಾಡಿಬಿಡಿ. ಬಯೋಸ್ ಯಾವುದನ್ನು ಹಿಡಿದರೂ ಬೂಟ್ ಆಗುತ್ತದೆ. ಇದಾದರೂ ಒಪ್ಪುತ್ತೀರಾ?

ಕರಿಪರದೆ

ಇದು ಒಳ್ಳೆಯ ಮಾತು. ಒಂದೇ ಎಚ್ಚರ: ಮುಂದೆ ಗ್ರಬ್ ಅಪ್‌ಡೇಟ್ ಬಂದಾಗ ಎರಡೂ ಅಪ್‌ಡೇಟ್ ಆಗಬೇಕು. ಇಲ್ಲದಿದ್ದರೆ ಎರಡನೆಯದರಲ್ಲಿ ಮತ್ತೆ ಹಳೆಯ ಗ್ರಬ್, ಮತ್ತೆ ಅದೇ ಸಿಂಬಲ್ ತಕರಾರು. ಡೆಬಿಯನ್‌ನಲ್ಲಿ "ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ" ಹೊಡೆದರೆ ಯಾವ ಡಿಸ್ಕ್‌ಗಳಿಗೆ ಹಾಕಲಿ ಎಂದು ಕೇಳುತ್ತದೆ. ಎರಡನ್ನೂ ಆರಿಸಿ, ಅದು ನೆನಪಿಟ್ಟುಕೊಳ್ಳುತ್ತದೆ.

ಕಾಗೆಗೂಡು

ನಾನಾದರೆ ಡಿಡಿಯಿಂದ ಮೊದಲ 512 ಬೈಟ್‌ಗೆ ಸೊನ್ನೆ ಬರೆದುಬಿಡುತ್ತೇನೆ.

ಹಳೇಕೀಲಿಮಣೆ

512 ಬೇಡ! ಅದರಲ್ಲಿ ಪಾರ್ಟಿಷನ್ ಪಟ್ಟಿಯೂ ಹೋಗುತ್ತದೆ. 446 ಮಾತ್ರ. ಅಷ್ಟೇ ಅಳಿಸಿದರೂ ಕೊನೆಯ 2 ಬೈಟ್ ಗುರುತು ಉಳಿಯುತ್ತದೆ. ಬಯೋಸ್ ಎಂದಾದರೂ ಆ ಡಿಸ್ಕನ್ನು ಮೊದಲು ಹಿಡಿದರೆ ಖಾಲಿ ಕೋಡ್ ಓಡಿಸಲು ಹೋಗಿ ಕಪ್ಪು ಪರದೆಯಲ್ಲೇ ನಿಂತುಬಿಡಬಹುದು. ಒಂದು ಸಂದೇಶವೂ ಇರುವುದಿಲ್ಲ. ಇಲ್ಲಿ ಎರಡುಪರದೆಯವರ ದಾರಿಯೇ ಮೇಲು.

ನಾಲ್ಕನೇಮಹಡಿ

ಮಳೆಹನಿ, ಬ್ಯಾಕಪ್ ಸ್ಕ್ರಿಪ್ಟ್ ಹಾಕುವ ಮುಂಚೆ ಒಂದು ಮಾತು. ಈಗ ನೋಫೇಲ್ ಇದೆ. ಡಿಸ್ಕ್ ಕಾಣದ ದಿನವೂ ಬೂಟ್ ಸುಮ್ನೆ ಆಗಿಬಿಡುತ್ತದೆ. ಆಗ /ಡೇಟಾ ಎಂಬುದು ಎಸ್‌ಎಸ್‌ಡಿಯ ಮೇಲಿನ ಒಂದು ಖಾಲಿ ಫೋಲ್ಡರ್ ಮಾತ್ರ. ಆರ್‌ಸಿಂಕ್ ಅದರೊಳಗೇ ತುಂಬುತ್ತದೆ. ನನಗಾದದ್ದೇ ಬೇರೆ ದಾರಿಯಿಂದ ನಿಮಗೂ ಆಗುತ್ತದೆ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ "ಮೌಂಟ್‌ಪಾಯಿಂಟ್ -ಕ್ಯೂ /ಡೇಟಾ" ಹಾಕಿ, ಮೌಂಟ್ ಆಗಿರದಿದ್ದರೆ ಅಲ್ಲೇ ನಿಲ್ಲುವಂತೆ ಬರೆಯಿರಿ.

ಕರಿಪರದೆ

ಇದಕ್ಕೆ ಇನ್ನೊಂದು ಬೀಗ. /ಡೇಟಾ ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರ್‌ಗೆ "ಸಿಎಚ್‌ಎಟಿಟಿಆರ್ +ಐ" ಕೊಡಿ. ಡಿಸ್ಕ್ ಇಲ್ಲದಾಗ ರೂಟ್ ಬಳಕೆದಾರನಿಗೂ ಅದರೊಳಗೆ ಬರೆಯಲು ಆಗುವುದಿಲ್ಲ. ಡಿಸ್ಕ್ ಮೌಂಟ್ ಆದಾಗ ಏನೂ ತೊಂದರೆಯಿಲ್ಲ.

ಮಳೆಹನಿ

ಎರಡನ್ನೂ ಮಾಡಿದೆ. ಡಿಸ್ಕ್ ಕಿತ್ತು ಸ್ಕ್ರಿಪ್ಟ್ ಓಡಿಸಿದೆ, ಮೊದಲ ಸಾಲಿನಲ್ಲೇ ನಿಂತಿತು. ಮತ್ತೆ ಜೋಡಿಸಿ ಓಡಿಸಿದೆ. ಈಗ 60 ಜಿಬಿ ಪ್ರತಿ ಆಗುತ್ತಿದೆ. "ಡಿಎಫ್ -ಎಚ್" ನೋಡಿದರೆ ತುಂಬುತ್ತಿರುವುದು 1 ಟಿಬಿಯದೇ, ಎಸ್‌ಎಸ್‌ಡಿ ಅಲುಗಿಲ್ಲ.